ಮೂರನೇ ನಂಬರಿನ ಕುದುರೆ

ಹೋದ ಬೇಸಿಗೆಯಲ್ಲಿ ಹಂದನಕೆರೆಯ ನಮ್ಮ ಹಳೆಯ ಮನೆಯ ಅಟ್ಟ ಬಿಚ್ಚಿಸಿದೆವು. ಅಟ್ಟವೆಂದರೆ ಏನೆಂದು ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯವರಿಗೆ ಹೇಳಬೇಕಾಗಿಲ್ಲ. ಬೇರೆ ಕಡೆಯವರಿಗಾಗಿ ಒಂದು ಮಾತು. ಬಲಿತ ತೆಂಗಿನಕಾಯಿಯನ್ನು ಅಟ್ಟಕ್ಕೆ ಹಾಕಿ ಹತ್ತು ಹನ್ನೆರಡು ತಿಂಗಳು ಸುಮ್ಮನೆ ಬಿಟ್ಟರೆ ಒಳಗಿನ ನೀರು ಇಂಗಿ, ತಿರುಳು ಕರಟದಿಂದ ಬಿಟ್ಟುಕೊಂಡು ಉಂಡೆಕೊಬ್ಬರಿಯಾಗುತ್ತದೆ. ಆಗಿದೆಯೋ ಇಲ್ಲವೋ ಎಂದು ಒಡೆದು ನೋಡುವಂತಿಲ್ಲ. ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಗಡಗಡ ಎಂದರೆ ಕೊಬ್ಬರಿ, ಬುಳಬುಳ ಎಂದರೆ ಇನ್ನೂ ನೀರು. ನಮ್ಮ ಚಿಕ್ಕಮ್ಮ ಈ ಪರೀಕ್ಷೆಯಲ್ಲಿ ಊರಿಗೇ ಮೊದಲು. ಎಂಬತ್ತು ದಾಟಿದರೂ ಇಂದಿಗೂ ಅವಳ ಕಿವಿ ತಪ್ಪುವುದು ಕಡಿಮೆ.

ಅಟ್ಟದ ತೊಲೆಯ ಸಂದಿಯಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಒಂದು ಉದ್ದನೆಯ ನೋಟುಬುಕ್ಕು ಸಿಕ್ಕಿತು. ಕೊಬ್ಬರಿ ಬಾಕಿಯ ಲೆಕ್ಕವಿರಬಹುದೆಂದು ತೆಗೆದು ನೋಡಿದರೆ, ಚಿಕ್ಕಪ್ಪನ ದುಂಡನೆಯ ಅಕ್ಷರ. ಪುಟದ ತುಂಬ ಗೆರೆ ಎಳೆದು ಅಂಕಣ ಮಾಡಿದ್ದರು: ನಂಬರು, ತೂಕ, ದೂರ, ಹಿಂದಿನ ಓಟ, ಜಾಕಿ, ಗೇಟು, ಬೆಳಗಿನ ಓಟ, ನೆಲ. ಅದು ಕುದುರೆಗಳ ಪುಸ್ತಕ. ಚಿಕ್ಕಪ್ಪ ತೀರಿಕೊಂಡು ಹದಿನೈದು ವರ್ಷಗಳಾದ ಮೇಲೆ ಅವರ ರೇಸಿನ ಹುಚ್ಚು ಮತ್ತೆ ನನ್ನ ಮಡಿಲಿಗೆ ಬಂದು ಬಿದ್ದಿತು.

ಆ ಹುಚ್ಚಿನಿಂದ ನನಗೂ ಒಂದು ಪೆಟ್ಟು ಬಿದ್ದಿದೆ. 1990ರಲ್ಲಿ ಬಿ.ಎ. ಮುಗಿಸಿ ಬಿ.ಎಡ್.ಗೆ ಸೇರಬೇಕೆಂದಿದ್ದೆ. ಅಪ್ಪ ಕೊಬ್ಬರಿ ಮಾರಿದ ದುಡ್ಡಿನಲ್ಲಿ ಎರಡು ಸಾವಿರ ರೂಪಾಯಿ ಎತ್ತಿ ಚಿಕ್ಕಪ್ಪನ ಕೈಗೆ ಕೊಟ್ಟು, "ಬೆಂಗಳೂರಿಗೆ ಹೋಗೋದು ಹೆಂಗೂ ಇದೆಯಲ್ಲ, ಮಗಳ ಫೀಸು ಕಟ್ಟಿ ಬಾ" ಎಂದರು. ಚಿಕ್ಕಪ್ಪ ತಿಪಟೂರಿನಲ್ಲಿ ರೈಲು ಹತ್ತಿ ಹೋದರು, ಸೋಮವಾರ ಬೆಳಿಗ್ಗೆ ಬರಿಗೈಯಲ್ಲಿ ಬಂದರು. ಜೇಬು ಕತ್ತರಿಸಿದರು ಎಂದರು. ಮನೆಯಲ್ಲಿ ಯಾರೂ ನಂಬಲಿಲ್ಲ, ಯಾರೂ ಕೇಳಲೂ ಇಲ್ಲ. ಆ ವರ್ಷ ನಾನು ಮನೆಯಲ್ಲೇ ಕುಳಿತೆ. ಮರುವರ್ಷ ಅಮ್ಮನ ಬಳೆ ಒತ್ತೆಯಿಟ್ಟು ಸೇರಿದೆ. ಒಂದು ವರ್ಷ ಹಿಂದೆ ಬಿದ್ದದ್ದು ನೌಕರಿಯ ಸೀನಿಯಾರಿಟಿಯಲ್ಲಿ ಕೊನೆಯವರೆಗೂ ನನ್ನ ಹಿಂದೆಯೇ ಬಂದಿದೆ. ಆದ್ದರಿಂದ ಆ ಪುಸ್ತಕವನ್ನು ನಾನು ಪ್ರೀತಿಯಿಂದ ತೆರೆಯಲಿಲ್ಲ ಎಂದರೆ ನೀವು ತಪ್ಪು ತಿಳಿಯುವುದಿಲ್ಲವಷ್ಟೆ.

ಆದರೆ ಓದುತ್ತಾ ಓದುತ್ತಾ ಮೇಷ್ಟರ ಬುದ್ಧಿ ಜಾಗೃತವಾಯಿತು. ಇದು ಅದೃಷ್ಟಕ್ಕೆ ಕಣ್ಣು ಮುಚ್ಚಿ ಕಲ್ಲೆಸೆಯುವವನ ಪುಸ್ತಕವಲ್ಲ. ಒಬ್ಬ ಒಳ್ಳೆಯ ವಿದ್ಯಾರ್ಥಿಯ ನೋಟ್ಸು.

ನಮ್ಮ ಬೆಂಗಳೂರು, ಮೈಸೂರಿನ ಓಟಗಳೆಲ್ಲ ಸಪಾಟು ನೆಲದ ಓಟಗಳು. ಇಂಗ್ಲೆಂಡಿನಲ್ಲಿ ಬೇಲಿ ಹಾರಿಸುವ ಓಟಗಳೂ ಉಂಟು. ಇಲ್ಲಿ ಓಟವೊಂದೇ. ಸಾವಿರ ಚಿಲ್ಲರೆ ಮೀಟರಿನಿಂದ ಮೇಲಕ್ಕೆ ದೂರ ಬೇರೆ ಬೇರೆ. ಚಿಕ್ಕ ದೂರದಲ್ಲಿ ಬಾಣದಂತೆ ಹೋಗುವ ಕುದುರೆ ದೊಡ್ಡ ದೂರದಲ್ಲಿ ಉಸಿರು ಬಿಡುತ್ತದೆ. ದೂರದ ಓಟಕ್ಕೆ ಹುಟ್ಟಿದ್ದು ಚಿಕ್ಕ ಓಟದಲ್ಲಿ ಕಾಲು ಕೂಡುವಷ್ಟರಲ್ಲಿ ಗೆರೆ ಬಂದುಬಿಡುತ್ತದೆ. ಹಾಗಾಗಿ ಅಳೆಯುವವರು ಮೊದಲು ಕೇಳುವ ಪ್ರಶ್ನೆ: ಇಂದಿನ ದೂರ ಇದಕ್ಕೆ ಒಗ್ಗುತ್ತದೆಯೇ?

ಎರಡನೆಯದು ತೂಕ. ಇದು ನನಗೆ ಬಹಳ ಇಷ್ಟವಾಯಿತು, ತರಗತಿಯನ್ನು ನೆನಪಿಸಿತು. ಹ್ಯಾಂಡಿಕ್ಯಾಪ್ ಎನ್ನುವ ಓಟದಲ್ಲಿ ಗೆಲ್ಲುವ ಕುದುರೆಗೆ ಹೆಚ್ಚು ಭಾರ, ಸೋಲುವ ಕುದುರೆಗೆ ಕಡಿಮೆ ಭಾರ. ಎಲ್ಲವೂ ಒಂದೇ ಗೆರೆಯಲ್ಲಿ ಬಂದು ನಿಲ್ಲಲಿ ಎಂಬ ಆಸೆ. ಜಾಕಿಯನ್ನು ಜೀನಿನ ಸಮೇತ ತೂಗುತ್ತಾರೆ. ಕಡಿಮೆ ಬಿದ್ದರೆ ಸೀಸದ ತುಂಡುಗಳನ್ನು ಸೇರಿಸುತ್ತಾರೆ. ಮೈಲಿ ಓಟದಲ್ಲಿ ಹೆಚ್ಚುಕಡಿಮೆ ಒಂದೂವರೆ ಕಿಲೋ ಎಂದರೆ ಒಂದು ಕುದುರೆಯುದ್ದ ಎಂಬುದು ಬಲ್ಲವರ ಸ್ಥೂಲ ಲೆಕ್ಕ. ಹೋದ ಸಲ ಗೆದ್ದ ಕುದುರೆಗೆ ಈ ಸಲ ಹೊರೆ ಏರಿರುತ್ತದೆ ಎಂಬುದನ್ನು ಹೊಸಬರು ನೋಡುವುದಿಲ್ಲ. ಅವರು ಗೆದ್ದದ್ದನ್ನು ಮಾತ್ರ ನೋಡುತ್ತಾರೆ. ಚಿಕ್ಕಪ್ಪ ಅಂಥ ಕುದುರೆಯ ಮುಂದೆ, "ಗೆದ್ದವನ ತಲೆ ಮೇಲೆ ಕಲ್ಲು" ಎಂದು ಬರೆದಿಟ್ಟಿದ್ದಾರೆ.

ಮೂರನೆಯದು ಹಿಂದಿನ ಓಟ ಹೇಗೆ ಮುಗಿಯಿತು ಎಂಬುದು. ಮೂರನೆಯದಾಗಿ ಬಂದ ಎರಡು ಕುದುರೆಗಳು ಒಂದೇ ಅಲ್ಲ. ಒಂದು ಮೊದಲಿನಿಂದ ಮುಂದಿದ್ದು ಸೋತು ಮೂರನೆಯದಾಗಿರುತ್ತದೆ, ಇನ್ನೊಂದು ಹಿಂದಿನಿಂದ ಎದ್ದು ಬಂದು ಮೂರನೆಯದಾಗಿರುತ್ತದೆ. ಅಂಕಪಟ್ಟಿಯಲ್ಲಿ ಎರಡಕ್ಕೂ ಮೂರೇ. ಇನ್ನು ಬೆಳಗಿನ ಓಟ. ನಸುಕಿನಲ್ಲಿ ಕುದುರೆಗಳನ್ನು ಓಡಿಸಿ ಪಳಗಿಸುವಾಗ ಸ್ಟಾಪ್ ವಾಚು ಹಿಡಿದು ಕಾಲ ಬರೆದುಕೊಳ್ಳುವವರಿರುತ್ತಾರೆ. ಅದು ಅಚ್ಚಾಗಿ ಬರುತ್ತದೆ. ಮಳೆಗಾಲದ ನೆಲ ಬೇರೆ, ಒಣನೆಲ ಬೇರೆ. ಒಳಗಿನ ಗೇಟಿನಿಂದ ಹೊರಟರೆ ತಿರುವಿನಲ್ಲಿ ದೂರ ಉಳಿಯುತ್ತದೆ. ಕೊನೆಯದಾಗಿ, ಓಟಕ್ಕೆ ಮುಂಚೆ ಪ್ಯಾಡಕ್‌ನಲ್ಲಿ ಸುತ್ತಿಸುವಾಗ ಕಣ್ಣಾರೆ ನೋಡುವುದು. ಮೈ ಹೊಳೆಯುತ್ತಿದೆಯೇ, ಹಿಂಗಾಲ ತೊಡೆ ತುಂಬಿದೆಯೇ, ಹೆಜ್ಜೆ ಸಡಿಲವಾಗಿದೆಯೇ, ಕಿವಿ ನಿಮಿರಿದೆಯೇ, ಹೊರಡುವ ಮೊದಲೇ ನೊರೆ ಬೆವರು ಬಂದಿದೆಯೇ.

ಇದನ್ನೆಲ್ಲ ಓದುವಾಗ ದನದ ಜಾತ್ರೆ ನೆನಪಾಯಿತು. ಸಿದ್ಧಗಂಗೆಯ ಜಾತ್ರೆಯಲ್ಲಿ ನಮ್ಮ ಅಪ್ಪ ಹೋರಿಯ ಬಾಯಿ ಬಿಡಿಸಿ ಹಲ್ಲು ನೋಡುತ್ತಿದ್ದರು: ಹಾಲುಹಲ್ಲೋ, ಎರಡು ಹಲ್ಲೋ, ನಾಲ್ಕೋ, ಬಾಯಿ ಕೂಡಿದೆಯೋ. ಸುಳಿ ನೋಡುತ್ತಿದ್ದರು, ನಾಲ್ಕು ಹೆಜ್ಜೆ ನಡೆಸುತ್ತಿದ್ದರು. ಆಮೇಲೆ ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ವ್ಯಾಪಾರ. ಚಿಕ್ಕಪ್ಪನೂ ಅದೇ ತಂದೆಯ ಮಗ. ಆ ಕಣ್ಣನ್ನೇ ಬೆಂಗಳೂರಿಗೆ ಒಯ್ದಿದ್ದರು. ವ್ಯತ್ಯಾಸವೆಂದರೆ, ಅಪ್ಪ ಹೋರಿಯನ್ನು ಅಳೆದ ಮೇಲೆ ಹೋರಿ ಮನೆಗೆ ಬರುತ್ತಿತ್ತು.

ಕುದುರೆಯನ್ನು ಅಳೆಯುವ ವಿದ್ಯೆ ನಮ್ಮ ನಾಡಿಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ'ದಲ್ಲಿ, ಹನ್ನೆರಡನೆಯ ಶತಮಾನದಲ್ಲೇ, ಕುದುರೆಗಳ ವಿಚಾರವೂ ಕುದುರೆಯೇರಿ ಆಡುವ ಆಟದ ವಿಚಾರವೂ ಇವೆ. ವಿಜಯನಗರದ ಕಾಲದಲ್ಲಂತೂ ಅರಬ್ಬೀ ಕುದುರೆ ಹಡಗಿನಲ್ಲಿ ಪಶ್ಚಿಮ ಕರಾವಳಿಗೆ ಬಂದು ಇಳಿಯುತ್ತಿತ್ತು. ಹಂಪಿಯ ಮಹಾನವಮಿ ದಿಬ್ಬದ ಗೋಡೆಯಲ್ಲಿ ಕುದುರೆಗಳನ್ನು ಹಿಡಿದು ನಡೆವ ಪರದೇಶಿಗಳನ್ನು ನೀವು ನೋಡಿರಬಹುದು. ನೂನಿಜ್ ಎಂಬ ಪೋರ್ಚುಗೀಸ್ ಕುದುರೆ ವ್ಯಾಪಾರಿ ಒಂದು ಸಂಗತಿ ಬರೆದಿದ್ದಾನೆ. ಸಾಳುವ ನರಸಿಂಹ ರಾಯ ಕುದುರೆಗಳನ್ನು ಸತ್ತರೂ ಸರಿ ಬದುಕಿದ್ದರೂ ಸರಿ, ಕೊಳ್ಳುತ್ತಿದ್ದನಂತೆ. ಸಮುದ್ರದಲ್ಲಿ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೂ ಸಾಕು, ಬದುಕಿದ ಕುದುರೆಯಷ್ಟೇ ಹಣ. ಸೈನ್ಯಕ್ಕೆ ಕುದುರೆ ತಪ್ಪದೆ ಬರುತ್ತಿರಲಿ ಎಂಬುದು ರಾಯನ ಲೆಕ್ಕ. ಮಕ್ಕಳಿಗೆ ಈ ಪಾಠ ಮಾಡುವಾಗಲೆಲ್ಲ ತರಗತಿ ನಗುತ್ತದೆ. ನಾನೂ ನಗುತ್ತಿದ್ದೆ. ಈಗ ಚಿಕ್ಕಪ್ಪನ ನೋಟುಬುಕ್ಕಿನಲ್ಲಿ ಅಂಟಿಸಿಟ್ಟಿದ್ದ ಹರಿದ ಟಿಕೆಟ್ಟುಗಳನ್ನು ನೋಡುವಾಗ ಆ ಬಾಲಗಳು ನೆನಪಾದವು. ಹಣ ಕೊಟ್ಟವರ ಕೈಯಲ್ಲಿ ಉಳಿದದ್ದು ಬಾಲ ಮಾತ್ರ.

ನಮ್ಮ ಜಿಲ್ಲೆಯೂ ಈ ಚರಿತ್ರೆಯ ಹೊರಗಿಲ್ಲ. ಕುಣಿಗಲ್ ಕೆರೆಯ ಹಾಡು ಗೊತ್ತಿಲ್ಲದವರಿಲ್ಲ. ಅದೇ ಊರಿನ ಕುದುರೆ ಫಾರಂ, ದೇಶದ ಅತ್ಯಂತ ಹಳೆಯ ಕುದುರೆ ಫಾರಂಗಳಲ್ಲಿ ಒಂದು. ಟಿಪ್ಪು ಸುಲ್ತಾನನ ಕಾಲದಲ್ಲಿ ಅಶ್ವದಳಕ್ಕಾಗಿ ಅಲ್ಲಿ ಕುದುರೆ ಸಾಕುತ್ತಿದ್ದರು. ಮುಂದೆ ಕಾಲ ಬದಲಾಗಿ, ಯುದ್ಧದ ಕುದುರೆಯ ಜಾಗದಲ್ಲಿ ರೇಸಿನ ಕುದುರೆ ಹುಟ್ಟತೊಡಗಿತು. 1992ರಲ್ಲಿ ಸರ್ಕಾರ ಅದನ್ನು ಖಾಸಗಿಯವರಿಗೆ 30 ವರ್ಷದ ಗುತ್ತಿಗೆಗೆ ಕೊಟ್ಟಿತು. ರೇಸಿಗೆ ಓಡುವ ಥರೋಬ್ರೆಡ್ ತಳಿಯ ಕುದುರೆಗಳೆಲ್ಲ ಗಂಡು ಕಡೆಯಿಂದ ಮೂರೇ ಕುದುರೆಗಳ ಸಂತಾನ. ಹದಿನೇಳು, ಹದಿನೆಂಟನೆಯ ಶತಮಾನಗಳ ಸುಮಾರಿಗೆ ಪೂರ್ವದ ಕಡೆಯಿಂದ ಇಂಗ್ಲೆಂಡಿಗೆ ಹೋದ ಮೂರು ಗಂಡು ಕುದುರೆಗಳು. ಹೋದ ತಳಿ, ದೊರೆಗಳ ಹಿಂದೆ ಹಿಂದೂಸ್ಥಾನಕ್ಕೆ ಮರಳಿ ಬಂದಿತು.

ರೇಸು ನಮ್ಮಲ್ಲಿಗೆ ಬಂದದ್ದು ದಂಡಿನ ಸಾಹೇಬರ ಜೊತೆ. ಮೈಸೂರು ರೇಸ್ ಕ್ಲಬ್ಬು ಚಾಮರಾಜೇಂದ್ರ ಒಡೆಯರ ಕಾಲದಲ್ಲಿ, 1891ರಲ್ಲಿ ಆರಂಭವಾಯಿತು. ದಸರಾ ಕಾಲದ ಓಟಗಳು ಇಂದಿಗೂ ಅಲ್ಲಿ ಹೆಸರುವಾಸಿ. ಬೆಂಗಳೂರಿನಲ್ಲಿ ಬೇಸಿಗೆಯದೊಂದು, ಚಳಿಗಾಲದ್ದೊಂದು ಎಂದು ಎರಡು ಋತು. ಬೇಸಿಗೆಯ ಋತು ಎನ್ನುವುದು ಹೆಸರಿಗೆ, ಅದು ಮಳೆಗಾಲದೊಳಗೂ ನಡೆಯುತ್ತದೆ. ಪಂದ್ಯದ ಹಣದ ಮೇಲೆ ತೆರಿಗೆಗೆಂದು ಮೈಸೂರು ಸಂಸ್ಥಾನದಲ್ಲಿ 1932ರಲ್ಲೇ ಕಾಯ್ದೆ ಬಂತು. ರೇಸ್ ಕೋರ್ಸಿಗೆ ಲೈಸೆನ್ಸ್ ಬೇಕೆಂಬ ಕಾಯ್ದೆ 1952ರಲ್ಲಿ. ಮನೆಯ ಹೆಂಗಸರು ಬೈಯುವ ಚಟಕ್ಕೂ ಸರ್ಕಾರ ತೆರಿಗೆ ಕಟ್ಟಿಸಿಕೊಳ್ಳುತ್ತದೆ ಎಂಬುದು ಚಿಕ್ಕಮ್ಮನಿಗೆ ಗೊತ್ತಿರಲಿಲ್ಲ, ಪುಣ್ಯ.

ನೆರೆಯ ತಮಿಳುನಾಡು ಇದನ್ನು ಜೂಜೆಂದು ನಿಲ್ಲಿಸಹೊರಟಾಗ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1996ರ ಜನವರಿಯಲ್ಲಿ ತೀರ್ಪು ಬಂತು. ಕುದುರೆಯ ತಳಿ, ತರಬೇತಿ, ಜಾಕಿಯ ನೈಪುಣ್ಯ, ಹಿಂದಿನ ಓಟ ಇವನ್ನೆಲ್ಲ ತೂಗಿ ನೋಡುವುದರಿಂದ ಕುದುರೆ ರೇಸು ಮುಖ್ಯವಾಗಿ ಕೌಶಲದ ಆಟ, ಬರಿಯ ಅದೃಷ್ಟದ ಆಟವಲ್ಲ ಎಂದು ಕೋರ್ಟು ಹೇಳಿತು. ಚಿಕ್ಕಪ್ಪ ಆ ಪತ್ರಿಕೆಯ ತುಂಡನ್ನು ಕತ್ತರಿಸಿ ಜೇಬಿನಲ್ಲಿಟ್ಟುಕೊಂಡು ಓಡಾಡಿದ್ದು ನನಗೆ ನೆನಪಿದೆ. "ನೋಡ್ರಪ್ಪ, ಕೋರ್ಟೇ ಹೇಳೈತೆ, ಇದು ವಿದ್ಯೆ" ಎಂದು ಜಗಲಿಯ ಮೇಲೆ ಕುಳಿತವರಿಗೆಲ್ಲ ತೋರಿಸುತ್ತಿದ್ದರು. ಅಷ್ಟರಲ್ಲಿ ಕೆರೆಯ ಕೆಳಗಿನ ತೋಟದಲ್ಲಿ ಅವರ ಪಾಲಿನ ನಲವತ್ತು ಮರ ಬೇರೆಯವರ ಹೆಸರಿಗೆ ಹೋಗಿತ್ತು.

ನನ್ನ ಎರಡು ಸಾವಿರದ ಪುಟ ಸಿಕ್ಕೇ ಸಿಕ್ಕುತ್ತದೆಂದು ನನಗೆ ಗೊತ್ತಿತ್ತು. ಆದರೂ ಹುಡುಕುವುದನ್ನು ಎರಡು ದಿನ ಮುಂದೂಡಿದೆ. 1990ರ ಜುಲೈ, ಶನಿವಾರ. 1400 ಮೀಟರ್ ಓಟ, ಎಂಟು ಕುದುರೆ, ಹಿಂದಿನ ರಾತ್ರಿ ಮಳೆ. ಐದನ್ನು ಒಂದೊಂದು ಮಾತಿನಲ್ಲಿ ಹೊಡೆದುಹಾಕಿದ್ದರು. ಉಳಿದದ್ದು ಮೂರು. ಒಂದನೇ ನಂಬರು: ಹೋದ ಸಲ ಗೆದ್ದಿದೆ, ಈಗ 60 ಕಿಲೋ ಹೊರೆ, ನೆಲ ಹಸಿ, ಕಷ್ಟ. ಐದನೇ ನಂಬರು: ಬೆಳಗಿನ ಓಟದಲ್ಲಿ ಎಲ್ಲಕ್ಕಿಂತ ವೇಗ, ಆದರೆ ಜನ ಕಂಡರೆ ಬೆವರುತ್ತದೆ, ಮೂರು ಸಲವೂ ಕೊನೆಯಲ್ಲಿ ಬಿಟ್ಟುಕೊಟ್ಟಿದೆ, "ಬೆಳಿಗ್ಗೆ ಹುಲಿ, ಮಧ್ಯಾಹ್ನ ಇಲಿ." ಮೂರನೇ ನಂಬರು: 53 ಕಿಲೋ, ಹೋದ ಸಲ 1200 ಮೀಟರಿನಲ್ಲಿ ಮೂರನೆಯದು, ಗೆರೆ ದಾಟುವಾಗ ಇನ್ನೂ ಓಡುತ್ತಿತ್ತು, ಹಸಿ ನೆಲದಲ್ಲಿ ಹಿಂದೆ ಗೆದ್ದಿದೆ, ಒಳಗಿನ ಗೇಟು. ಮೂರರ ಸುತ್ತ ಒಂದು ಗುಂಡು.

ಕೆಳಗೆ ಬೇರೆ ಪೆನ್ನಿನಲ್ಲಿ, ರೈಲಿನ ಕುಲುಕಾಟಕ್ಕೆ ಸೊಟ್ಟಗಾದ ಅಕ್ಷರದಲ್ಲಿ ಒಂದು ಸಾಲು: "5 ಖಚಿತ ಅಂತೆ. ಒಳಗಿನ ಸುದ್ದಿ. 2000." ಅದರ ಕೆಳಗೆ ಕೆಂಪು ಪೆನ್ಸಿಲಿನಲ್ಲಿ ಫಲಿತಾಂಶ: 3, 1, 7.

ಆಮೇಲೆ ಮೂರು ವಾರ ಪುಟಗಳು ಖಾಲಿ.

ನಾನು ಆ ಪುಟವನ್ನು ಹಿಡಿದುಕೊಂಡು ಬಹಳ ಹೊತ್ತು ಕುಳಿತಿದ್ದೆ. ಮೂವತ್ತೈದು ವರ್ಷ ನಾನು ಅಂದುಕೊಂಡಿದ್ದು, ಏನೂ ತಿಳಿಯದ ಮನುಷ್ಯ ನನ್ನ ಒಂದು ವರ್ಷವನ್ನು ಯಾವುದೋ ಕುದುರೆಯ ಕಾಲಿಗೆ ಕಟ್ಟಿದ ಎಂದು. ಹಾಗಲ್ಲ. ಅವರಿಗೆ ತಿಳಿದಿತ್ತು. ತಾವೇ ಅಳೆದು, ತೂಗಿ, ಗುಂಡು ಸುತ್ತಿ ಇಟ್ಟ ಕುದುರೆಯನ್ನು ಬಿಟ್ಟು, ರೈಲಿನಲ್ಲಿ ಪಕ್ಕ ಕುಳಿತವನ ಪಿಸುಮಾತಿಗೆ ಹಣ ಕಟ್ಟಿದರು. ತಪ್ಪು ಅವರದೇ, ಕುದುರೆಯದೂ ಅಲ್ಲ, ಓಡಿಸಿದವರದೂ ಅಲ್ಲ. ಮೊದಲಿಗೆ ಸಿಟ್ಟು ಇನ್ನೂ ಹೆಚ್ಚಾಯಿತು. ಆಮೇಲೆ, ಪರೀಕ್ಷೆಯಲ್ಲಿ ತಾನು ಬರೆದ ಸರಿಯುತ್ತರವನ್ನು ಹೊಡೆದುಹಾಕಿ ಪಕ್ಕದವನದನ್ನು ನೋಡಿ ಬರೆಯುವ ಹುಡುಗರ ಮುಖಗಳು ಕಣ್ಣಿಗೆ ಬಂದವು. ಪ್ರತಿ ವರ್ಷ ಅಂಥವರು ಇಬ್ಬರಾದರೂ ಇರುತ್ತಾರೆ. ಅವರನ್ನು ನಾನು ಬೈಯುವುದಕ್ಕಿಂತ ಹೆಚ್ಚು ಮರುಗುತ್ತೇನೆ.

ಹಾಗಾದರೆ ಚಿಕ್ಕಪ್ಪ ತಮ್ಮ ಗುಂಡುಗಳನ್ನೇ ನಂಬಿದ್ದರೆ ತೋಟ ಉಳಿಯುತ್ತಿತ್ತೇ? ಇದು ನನ್ನನ್ನು ಕಾಡಿತು. ಭಾನುವಾರ ಪೂರ್ತಿ ಕುಳಿತು ಪುಸ್ತಕವನ್ನೆಲ್ಲ ಎಣಿಸಿದೆ. ಅವರು ಗುಂಡು ಸುತ್ತಿದ ಕುದುರೆ, ಮೂರು ಸಲಕ್ಕೆ ಹೆಚ್ಚುಕಡಿಮೆ ಒಂದು ಸಲ ಗೆದ್ದಿದೆ. ಇದು ಕಡಿಮೆಯಲ್ಲ. ಜನ ಅತಿ ಹೆಚ್ಚು ಹಣ ಕಟ್ಟುವ ಕುದುರೆ ಕೂಡ ಅನೇಕ ದೇಶಗಳಲ್ಲಿ ಮೂರರಲ್ಲಿ ಒಂದು ಸಲವಷ್ಟೇ ಗೆಲ್ಲುತ್ತದೆ. ಅಂದರೆ ಎಷ್ಟು ಬಲ್ಲವನಾದರೂ ಮೂರರಲ್ಲಿ ಎರಡು ಸಲ ಸೋಲಲೇಬೇಕು.

ಇನ್ನು ಹಣದ ಲೆಕ್ಕ. ಟೋಟ್ ಎಂಬ ವ್ಯವಸ್ಥೆಯ ಮೂಲ 1867ರ ಸುಮಾರಿಗೆ ಪ್ಯಾರಿಸಿನಲ್ಲಿ ಜೋಸೆಫ್ ಒಲ್ಲೆರ್ ಎಂಬುವನು ಹೂಡಿದ ಉಪಾಯ. ಎಲ್ಲರೂ ಕಟ್ಟಿದ ಹಣ ಒಂದು ಹುಂಡಿಗೆ. ಅದರಿಂದ ತೆರಿಗೆಯನ್ನೂ ನಡೆಸುವವರ ಪಾಲನ್ನೂ ಮೊದಲೇ ತೆಗೆದು, ಉಳಿದದ್ದನ್ನು ಗೆದ್ದ ಟಿಕೆಟ್ಟಿನವರಿಗೆ ಹಂಚುತ್ತಾರೆ. ಸುಲಭಕ್ಕೆ, ನೂರರಲ್ಲಿ ಇಪ್ಪತ್ತು ಮೊದಲೇ ಹೋಗುತ್ತದೆ ಎಂದಿಟ್ಟುಕೊಳ್ಳಿ. ಎಲ್ಲರೂ ಸೇರಿ ಕಟ್ಟಿದ್ದು ನೂರು, ಎಲ್ಲರಿಗೂ ಸೇರಿ ಬಂದದ್ದು ಎಂಬತ್ತು. ಒಳ್ಳೆಯ ಕುದುರೆಯನ್ನು ನಾವೊಬ್ಬರೇ ಗುರುತಿಸಿಲ್ಲ, ಬಲ್ಲವರೆಲ್ಲ ಗುರುತಿಸಿರುತ್ತಾರೆ; ಆದ್ದರಿಂದ ಗೆದ್ದರೂ ಪಾಲು ಸಣ್ಣದು. ಹತ್ತು ರೂಪಾಯಿಯಂತೆ ಮೂರು ಸಲ ಕಟ್ಟಿ, ಒಂದು ಸಲ ಗೆದ್ದು ಇಪ್ಪತ್ತೈದು ತಂದರೆ, ಮೂವತ್ತು ಕೊಟ್ಟು ಇಪ್ಪತ್ತೈದು ತಂದ ಹಾಗಾಯಿತು. ಇದು ಏಳನೇ ತರಗತಿಯ ಲೆಕ್ಕ. ಕೋರ್ಟು ಹೇಳಿದ್ದು ನಿಜ, ಅಳೆಯುವುದು ವಿದ್ಯೆಯೇ. ಆದರೆ ಆ ವಿದ್ಯೆಗೆ ಬರುವ ಸಂಬಳಕ್ಕಿಂತ ಕಟ್ಟಬೇಕಾದ ಫೀಸು ಹೆಚ್ಚು.

ಎಲ್ಲೋ ಒಮ್ಮೆ ಎಲ್ಲರ ಅಳತೆಯೂ ತಪ್ಪುತ್ತದೆ, ನಿಜ. 2015ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್ ಕಪ್ ಓಟದಲ್ಲಿ ಒಂದಕ್ಕೆ ನೂರರ ದರದಲ್ಲಿದ್ದ, ಯಾರೂ ಲೆಕ್ಕಕ್ಕಿಡದ ಕುದುರೆಯನ್ನು ಮಿಷೆಲ್ ಪೇನ್ ಎಂಬ ಹೆಣ್ಣುಮಗಳು ಗೆಲ್ಲಿಸಿದಳು. ಆ ಕಪ್ಪನ್ನು ಗೆದ್ದ ಮೊದಲ ಮಹಿಳಾ ಜಾಕಿ ಅವಳು. ನಮ್ಮಲ್ಲೂ ಚೆನ್ನೈನ ರೂಪಾ ಸಿಂಗ್ ಗಂಡಸರ ನಡುವೆ ಜಾಕಿಯಾಗಿ ನೂರಾರು ಓಟ ಗೆದ್ದಿದ್ದಾರೆ. ಇಂಥದ್ದನ್ನು ಕೇಳಿದಾಗ ನನಗೂ ಹಿಗ್ಗು. ಆದರೆ ಒಂದಕ್ಕೆ ನೂರರ ಕುದುರೆ ಒಂದು ದಿನ ಗೆದ್ದಿತೆಂದು, ಅದರ ಹಿಂದೆ ಮನೆಯ ಮರ ಕಟ್ಟಲಾಗುವುದಿಲ್ಲ.

ಸಂಜೆ ನೋಟುಬುಕ್ಕನ್ನು ತೆಗೆದುಕೊಂಡು ಹಿತ್ತಿಲಿಗೆ ಹೋದೆ. ಚಿಕ್ಕಮ್ಮ ಕಾಯಿಗಳ ರಾಶಿಯ ಮುಂದೆ ಕುಳಿತು ಒಂದೊಂದನ್ನೇ ಅಲ್ಲಾಡಿಸಿ ಬೇರೆ ಮಾಡುತ್ತಿದ್ದಳು. ಚಿಕ್ಕಪ್ಪ ರೈಲು ಹತ್ತುತ್ತಿದ್ದ ವರ್ಷಗಳಲ್ಲಿ ಈ ಮನೆಯನ್ನು ನಡೆಸಿದವಳು ಅವಳು. ಎರಡು ಎಮ್ಮೆ ಕಟ್ಟಿ ಡೇರಿಗೆ ಹಾಲು ಹಾಕಿದಳು, ತೆಂಗಿನ ಕಡ್ಡಿ ಸೀಳಿ ಪೊರಕೆ ಮಾಡಿ ಸಂತೆಗೆ ಕಳಿಸಿದಳು. ಅಡಿಗೆಮನೆಯ ಗೋಡೆಯ ಮೇಲೆ ಇದ್ದಿಲಿನಲ್ಲಿ ಎಳೆದ ಗೀಟುಗಳೇ ಅವಳ ಲೆಕ್ಕದ ಪುಸ್ತಕ. ಉಳಿದ ಮರಗಳ ಪಹಣಿಯನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳುವವರೆಗೆ ಅವಳು ಚಿಕ್ಕಪ್ಪನಿಗೆ ಕಾಫಿ ಕೊಟ್ಟಳೇ ಹೊರತು ಮಾತು ಕೊಡಲಿಲ್ಲ.

ಪುಟ ತೋರಿಸಿ ಎಲ್ಲವನ್ನೂ ಹೇಳಿದೆ. ಅವಳು ಕೈಯಲ್ಲಿದ್ದ ಕಾಯಿ ಕೆಳಗಿಟ್ಟು ಕೇಳಿದಳು.

"ಹಂಗಾರೆ ಮೂರನೇದು ಗೆದ್ದಿತ್ತಾ?"

"ಗೆದ್ದಿತ್ತು ಚಿಕ್ಕಮ್ಮ. ಅದಕ್ಕೇ ಕಟ್ಟಿದ್ದರೆ ನನ್ನ ಫೀಸೂ ಕಟ್ಟಿ, ಮೇಲೆ ನಿನಗೊಂದು ಸೀರೆ ತರಬಹುದಿತ್ತು."

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ಒಂದಪ ಫೀಸು ಕಟ್ಟವ್ರು ಕಣ್ ಮಗಾ. ಆಮೇಲೆ ಬರೋ ಶನಿವಾರ ನಾಕು ಸಾವಿರ ತಕಂಡ್ ಹೋಗವ್ರು. ಸೋತಿದ್ದಕ್ಕೆ ಮೂರು ವಾರ ಮನೇಲಿದ್ರು. ಆ ಮೂರು ವಾರ ನಂಗೆ ಗ್ಯಾಪಕ ಐತೆ, ಹಟ್ಟಿಗೆ ಸೋಗೆ ಹೊದಿಸಿಕೊಟ್ರು."

ಆಮೇಲೆ ನೋಟುಬುಕ್ಕನ್ನು ಈಸಿಕೊಂಡು, ಓದಲು ಬಾರದ ಅಕ್ಷರಗಳ ಮೇಲೆ ಒಂದು ಸಲ ಕೈಯಾಡಿಸಿ ನನಗೇ ವಾಪಸು ಕೊಟ್ಟಳು. "ಎಷ್ಟು ಓರಣವಾಗಿ ಬರೆದವ್ರೆ ನೋಡು. ಇಟ್ಕೋ, ಎಸೀಬ್ಯಾಡ" ಎಂದಳು. ಮುಂದಿನ ಕಾಯಿಯನ್ನು ಎತ್ತಿ ಕಿವಿಯ ಹತ್ತಿರ ಹಿಡಿದಳು.